ಮೂಲವ್ಯಾಧಿ: ನಾಚಿಕೆ ಬೇಡ, ಚಿಕಿತ್ಸೆ ಬೇಕು



ಎತ್ತು ಮೇವು ಬಿಟ್ಟರೆ ಅದೇ ದಿನ ದನದ ಡಾಕ್ಟರನ್ನು ಕರೆಸುತ್ತೇವೆ. ಆದರೆ ಮಲದೊಂದಿಗೆ ರಕ್ತ ಬಿದ್ದರೆ ನಮ್ಮಲ್ಲಿ ಅನೇಕರು ತಿಂಗಳುಗಟ್ಟಲೆ ಮನೆಯವರಿಗೂ ಹೇಳುವುದಿಲ್ಲ. ಆದ್ದರಿಂದ ಈ ಸಲ ಮೊಳೆರೋಗವೆಂದೂ ಕರೆಯುವ ಮೂಲವ್ಯಾಧಿಯ ಬಗ್ಗೆ ಬಿಚ್ಚಿ ಮಾತನಾಡೋಣ.

ಗುದದ್ವಾರದ ಒಳಗೆ ರಕ್ತನಾಳಗಳಿಂದ ಕೂಡಿದ ಮೆತ್ತನೆಯ ದಿಂಬುಗಳು ಎಲ್ಲರಿಗೂ ಇರುತ್ತವೆ. ಮಲ, ವಾಯು ಸೋರದಂತೆ ತಡೆಯಲು ಅವು ನೆರವಾಗುತ್ತವೆ. ಗಟ್ಟಿ ಮಲಕ್ಕಾಗಿ ದಿನವೂ ತಿಣುಕಿದರೆ ಇವು ಉಬ್ಬಿ, ಹಿಡಿತ ಸಡಿಲಾಗಿ ಕೆಳಗೆ ಜಾರುತ್ತವೆ. ಇದೇ ಮೂಲವ್ಯಾಧಿ. ಬಸಿರಿನಲ್ಲಿಯೂ ಇದು ಸಾಮಾನ್ಯ. ಒಳಮೊಳೆ ಸಾಮಾನ್ಯವಾಗಿ ನೋಯುವುದಿಲ್ಲ. ಕೆಂಪು ರಕ್ತ ಮಾತ್ರ ತೊಟ್ಟಿಕ್ಕುತ್ತದೆ. ಹೊರಮೊಳೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಒಮ್ಮೆಲೇ ನೀಲಿ ಗಂಟಾಗಿ ವಿಪರೀತ ನೋವು ಬರುತ್ತದೆ.

ಹೊಲದ ಕೆಲಸಕ್ಕೂ ಇದಕ್ಕೂ ಸಂಬಂಧವಿದೆ. ಬಿಸಿಲಿನಲ್ಲಿ ಬೆವರು ಹರಿದಷ್ಟು ನಾವು ನೀರು ಕುಡಿಯುವುದಿಲ್ಲ. ಹೊಲದಲ್ಲಿ ಮರೆಯಿಲ್ಲವೆಂದು ತಾಯಂದಿರು ಹೊರಕಡೆಗೆ ಹೋಗುವುದನ್ನು ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ಅದಕ್ಕಾಗಿ ನೀರನ್ನೂ ಕಡಿಮೆ ಕುಡಿಯುತ್ತಾರೆ. ತಡೆದಷ್ಟು ಹೊತ್ತೂ ಕರುಳು ಮಲದ ನೀರನ್ನು ಹೀರುತ್ತಲೇ ಇರುತ್ತದೆ, ಮಲ ಕಲ್ಲಾಗುತ್ತದೆ. ಮನೆಯಲ್ಲಿ ಶೌಚಾಲಯ, ಹೊಲದಲ್ಲಿ ಒಂದು ಮರೆ, ಇವೂ ಈ ರೋಗಕ್ಕೆ ಮದ್ದೇ.

ಯುರೋಪಿನಲ್ಲಿ ತೋಟಗಾರರ ಪಾಲಕನೆನಿಸಿದ, ಏಳನೆಯ ಶತಮಾನದ ಸಂತ ಫಿಯಾಕ್ರರನ್ನು ಮೂಲವ್ಯಾಧಿಯವರೂ ನೆನೆಯುತ್ತಿದ್ದರು. ಸಂತರ ಮುಂದೆ ಹೇಳಿಕೊಳ್ಳಲು ಅವರಿಗೆ ನಾಚಿಕೆಯಾಗದಿದ್ದರೆ, ವೈದ್ಯರ ಮುಂದೆ ನಮಗೇಕೆ?

ಮೊದಲ ಔಷಧ ನಮ್ಮ ಅಡುಗೆಮನೆಯಲ್ಲಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಅಷ್ಟೇ ಮೈದಾದಲ್ಲಿ 3 ಗ್ರಾಂ ಸಹ ಇಲ್ಲ. ಹೀಗಾಗಿ ಬ್ರೆಡ್ಡು, ಬಿಸ್ಕೀಟಿಗಿಂತ ಜೋಳದ ರೊಟ್ಟಿ ಮೇಲು. ಜೊತೆಗೆ ಹೆಸರು, ಮಡಿಕೆ ಕಾಳು, ಮೆಂತೆಪಲ್ಯ, ಮೂಲಂಗಿ, ಪೇರಲ ಹಣ್ಣು ತಿನ್ನಿರಿ. ನಾರನ್ನು ದಿನೇ ದಿನೇ ಹೆಚ್ಚಿಸಿರಿ, ನೀರನ್ನೂ ಹೆಚ್ಚು ಕುಡಿಯಿರಿ. ಬೇಕಾದರೆ ಇಸಬಗೋಲವನ್ನು ತುಂಬು ಲೋಟ ನೀರಿನಲ್ಲಿ ಕಲಸಿ ಕುಡಿಯಬಹುದು. ಒತ್ತಡ ಬಂದಾಗ ತಡೆಯಬೇಡಿರಿ. ಶೌಚಕ್ಕೆ ಬಹಳ ಹೊತ್ತು ಕೂಡಬೇಡಿರಿ. ಉರಿ, ನೋವು ಇದ್ದರೆ ಅಗಲವಾದ ಬುಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ದಿನಕ್ಕೆ ಎರಡು ಮೂರು ಸಲ 10–15 ನಿಮಿಷ ಕುಳಿತುಕೊಳ್ಳಿರಿ.

ಇಷ್ಟಕ್ಕೂ ಗುಣವಾಗದಿದ್ದರೆ ವೈದ್ಯರು ಒಳಮೊಳೆಯ ಬುಡಕ್ಕೆ ಚಿಕ್ಕ ರಬ್ಬರ್ ಉಂಗುರ ಹಾಕುತ್ತಾರೆ. ರಕ್ತ ಹರಿಯುವುದು ನಿಂತು ಅದು ಕೆಲವು ದಿನಗಳಲ್ಲಿ ಉದುರುತ್ತದೆ. ದೊಡ್ಡ ಮೊಳೆಗಳಿಗೆ ಮಾತ್ರ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸಂತೆಯಲ್ಲಿ “ಒಂದೇ ಸೂಜಿಗೆ ಗುಣ” ಎನ್ನುವವರ ಕೈಗೆ ದೇಹವನ್ನು ಕೊಡಬೇಡಿರಿ. ಸುಡುವ ಔಷಧವನ್ನು ತಿಳಿಯದವರು ಹಾಕಿದರೆ ಗುದದ್ವಾರ ಹುಣ್ಣಾಗಿ, ಕಡೆಗೆ ಕಿರಿದಾಗಿಬಿಡಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ರಕ್ತ ಬಿದ್ದದ್ದೆಲ್ಲ ಮೂಲವ್ಯಾಧಿಯಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿಯೂ ರಕ್ತ ಬೀಳುತ್ತದೆ; ಬೇಗ ತಿಳಿದರೆ ಅದನ್ನು ಗುಣಪಡಿಸುವ ಅವಕಾಶ ಹೆಚ್ಚು. ಮಲ ಕಪ್ಪಾದರೆ, ಶೌಚದ ರೂಢಿ ವಾರಗಟ್ಟಲೆ ಬದಲಾದರೆ, ತೂಕ ಇಳಿದರೆ, ರಕ್ತಹೀನತೆಯಿಂದ ಮುಖ ಬಿಳಿಚಿ ಏದುಸಿರು ಬಂದರೆ, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದರೆ, ಅಥವಾ ವಯಸ್ಸು 40 ದಾಟಿದ್ದರೆ ತಡಮಾಡದೆ ತಪಾಸಣೆ ಮಾಡಿಸಿರಿ. ರಕ್ತ ಬಹಳ ಹೋಗಿ ತಲೆ ಸುತ್ತಿದರೆ ಅಂದೇ ಆಸ್ಪತ್ರೆಗೆ ಹೋಗಿರಿ.

1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಆಸ್ಪತ್ರೆ ತೆರೆದಂದಿನಿಂದ ಮಿರಜ ವೈದ್ಯರ ಊರೆಂದೇ ಹೆಸರಾಯಿತು. 1962ರಲ್ಲಿ ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ದೂರದ ಜಿಲ್ಲೆಗಳವರು ಹುಡುಕಿಕೊಂಡು ಬರುವ ಆ ಊರು ಸಲಗರೆಯವರಾದ ನಮಗೆ ತಾಲೂಕಿನ ಊರೇ. ದ್ರಾಕ್ಷಿ ಕಟಾವು ಮುಗಿಯಲಿ, ಕಬ್ಬು ಹೋಗಲಿ ಎಂದು ದಿನ ದೂಡಬೇಡಿರಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಹಿರಿಯರನ್ನು ನೀವೇ ಕೇಳಿರಿ. ಅವರಾಗಿಯೇ ಹೇಳಲಿಕ್ಕಿಲ್ಲ.