ಹಲ್ಲು ನೋಡಿ ಕಾಲ ಹೇಳುವವರು

ಜಾನುವಾರು ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ನೋಡುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ? ಬೆಲೆ ನಿಲ್ಲುವುದು ಅದರ ಮೇಲೆ. ಹಳೆಯ ಮೂಳೆಗಳನ್ನು ಪರೀಕ್ಷಿಸುವ ಪ್ರಾಣಿ ಪುರಾತತ್ವದವರೂ ಹಲ್ಲನ್ನೇ ನೋಡುತ್ತಾರೆ. ಆದರೆ ಅವರ ಕೈಗೆ ಬರುವ ದನ ಸತ್ತು ನಾಲ್ಕು ಸಾವಿರ ವರ್ಷವಾಗಿರುತ್ತದೆ. ಬಾಯಿಯ ಮುಂದಿನ ಹಲ್ಲುಗಳು ಎಂದೋ ಉದುರಿರುತ್ತವೆ. ಹಾಗಾಗಿ ದವಡೆ ಹಲ್ಲಿನ ಸವೆತವೇ ಗತಿ. ದವಡೆಯೂ ಸಿಗದಿದ್ದರೆ ಕಾಲಿನ ಮೂಳೆ. ಎಳೆಯ ಪ್ರಾಣಿಯಲ್ಲಿ ಮೂಳೆಯ ತುದಿ ನಡುಭಾಗಕ್ಕೆ ಬೆಸೆದಿರುವುದಿಲ್ಲ, ಕಳಚಿ ಬರುತ್ತದೆ. ದನಗಳಲ್ಲಿ ಆ ಬೆಸುಗೆ ಪೂರ್ತಿಯಾಗಲು ಸುಮಾರು ನಾಲ್ಕು ವರ್ಷ ಬೇಕು.

ಸತ್ತ ದನದ ವಯಸ್ಸು ಕಟ್ಟಿಕೊಂಡು ಏನಾಗಬೇಕು? ಆಗುವುದು ಬಹಳ. ಮೈತುಂಬಿದ ಹೊತ್ತಿಗೇ ಕೊಂದ ಪ್ರಾಣಿಗಳು ಹೆಚ್ಚಿದ್ದರೆ ಮಂದೆ ಸಾಕಿದ್ದು ಮಾಂಸಕ್ಕೆ. ಮುದಿ ದನಗಳು ಹೆಚ್ಚಿದ್ದರೆ ಹಾಲಿಗೆ, ದುಡಿಮೆಗೆ. ಮೂಳೆಯ ಮೇಲಿನ ಕಚ್ಚು ಕತ್ತರಿಸಿದ ಬಗೆಯನ್ನು ತೋರಿಸುತ್ತದೆ. ಮೂಳೆ ಕುರಿಯದೋ ಮೇಕೆಯದೋ ಎಂಬಲ್ಲಿ ಮಾತ್ರ ಪಳಗಿದ ಕಣ್ಣೂ ತಡವರಿಸುತ್ತದೆ.

ಈ ವಿದ್ಯೆಗೆ ಹೊಸಶಿಲಾಯುಗದ ದನಗಾಹಿಗಳು ಬಿಟ್ಟುಹೋದ ನಮ್ಮ ಬೂದಿದಿಬ್ಬಗಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಈ ದಿಬ್ಬಗಳು ಸಗಣಿ ಸುಟ್ಟ ಬೂದಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ 19ನೇ ಶತಮಾನದಲ್ಲೇ ವಾದಿಸಿದ್ದರು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಉತ್ನೂರಿನ ದಿಬ್ಬವನ್ನು ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ದೊಡ್ಡಿಯ ಜೊತೆಗೆ ಪ್ರಾಣಿಗಳನ್ನು ಕಡಿದು ಪಾಲು ಮಾಡುತ್ತಿದ್ದ ನೆಲವನ್ನೂ ಬಯಲಿಗೆ ತಂದರು.

ಹಳ್ಳೂರಿನ ಕಥೆಯೇ ಬೇರೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಂಡೆಯ ಆ ಊರಿನಲ್ಲಿ ಅಗೆಸಿದಾಗ ಸಿಕ್ಕ ಮೂಳೆಗಳನ್ನು ಪರೀಕ್ಷಿಸಿದವರು ಪಶುವೈದ್ಯ ಕೆ.ಆರ್. ಆಲೂರ. ಹೊಸಶಿಲಾಯುಗದ ಪದರದ ಕೆಲವನ್ನು ಅವರು ಕುದುರೆಯವು ಎಂದರು. ದಕ್ಷಿಣಕ್ಕೆ ಕುದುರೆ ಅಷ್ಟು ಬೇಗ ಬಂದಿತ್ತೇ? ವಿದ್ವಾಂಸರ ನಡುವೆ ದೊಡ್ಡ ಜಗಳವೇ ಎದ್ದಿತು. ತೀರ್ಮಾನ ಏನೇ ಇರಲಿ, ದಿನವೂ ದನಕರುಗಳ ಮೈ ಮುಟ್ಟಿ ಬಲ್ಲವರ ಮಾತಿಗೆ ಇಲ್ಲಿ ಹೆಚ್ಚು ತೂಕ ಎಂದು ನನಗನ್ನಿಸುತ್ತದೆ.

ಆದರೆ ಪರೀಕ್ಷಿಸಲು ಮೂಳೆ ಉಳಿದಿರಬೇಕಲ್ಲ? ಎಷ್ಟೋ ಬೂದಿದಿಬ್ಬಗಳ ಬೂದಿ ಈಗಾಗಲೇ ಗೊಬ್ಬರವಾಗಿ ಹೊಲ ಸೇರಿದೆ, ಒಳಗಿದ್ದ ಮೂಳೆಯೂ ಅದರ ಜೊತೆ ಹೋಗಿದೆ. ನಿಮ್ಮೂರ ಬಳಿ ಅಂಥದ್ದೊಂದು ಉಳಿದಿದ್ದರೆ ಗುದ್ದಲಿ ಹಾಕುವ ಮುನ್ನ ಪುರಾತತ್ವ ಇಲಾಖೆಗೆ ತಿಳಿಸಿ.