ವಾಯುಮಾಲಿನ್ಯ: ಉದ್ದಿಮೆಯ ಪಾಲು ಶೇ. 14 ಮಾತ್ರವೇ?

ಬೆಂಗಳೂರಿನ ಗಾಳಿ ಕೆಡುವುದಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಉದ್ದಿಮೆ ವಲಯದಿಂದ ಕೇಳಿಬರುವ ಉತ್ತರ ಒಂದೇ: ಹೊಣೆ ವಾಹನಗಳದು, ಕಾರ್ಖಾನೆಗಳದಲ್ಲ. ಈ ಮಾತಿಗೆ ಆಧಾರವಿಲ್ಲವೆನ್ನುವಂತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಆರು ನಗರಗಳ ಅಧ್ಯಯನದ ಅಂಗವಾಗಿ ಟೆರಿ ಸಂಸ್ಥೆ 2010ರಲ್ಲಿ ಸಿದ್ಧಪಡಿಸಿದ ವರದಿಯಂತೆ, ನಗರದ ಗಾಳಿಗೆ ಸೇರುವ ಪಿಎಂ 10 ಕಣಗಳಲ್ಲಿ ಸಾರಿಗೆಯ ಪಾಲು ಶೇ. 42, ರಸ್ತೆಯ ಧೂಳು ಶೇ. 20, ಕಟ್ಟಡ ನಿರ್ಮಾಣ ಶೇ. 14, ಕೈಗಾರಿಕೆ ಶೇ. 14, ಡೀಸೆಲ್ ಜನರೇಟರ್ ಶೇ. 7 ಹಾಗೂ ಗೃಹಬಳಕೆ ಶೇ. 3.

ಆದರೆ ಲೆಕ್ಕಪತ್ರದಲ್ಲಿ ಒಂದು ವೆಚ್ಚ ಯಾವ ಶೀರ್ಷಿಕೆಯಡಿ ದಾಖಲಾಗಿದೆ ಎಂಬುದಕ್ಕಿಂತ, ಅದು ಯಾವ ಚಟುವಟಿಕೆಯಿಂದ ಉಂಟಾಯಿತು ಎಂಬುದು ಮುಖ್ಯ. ಕಾರ್ಖಾನೆಗೆ ಕಚ್ಚಾ ಸಾಮಗ್ರಿ ತರುವ ಲಾರಿ, ನೌಕರರನ್ನು ಕರೆತರುವ ಕ್ಯಾಬ್, ವಿದ್ಯುತ್ ಹೋದಾಗ ನಡೆಯುವ ಜನರೇಟರ್, ವಿಸ್ತರಣೆಗಾಗಿ ಏಳುವ ಹೊಸ ಕಟ್ಟಡ ಇವೆಲ್ಲವೂ ಉದ್ದಿಮೆಯ ಚಟುವಟಿಕೆಗಳೇ. ಇವನ್ನು ಕೂಡಿಸಿದಲ್ಲಿ ಶೇ. 14ರ ಲೆಕ್ಕ ಅಪೂರ್ಣವೆನಿಸುತ್ತದೆ.

ಮೂರು ವಲಯಗಳು, ಮೂರು ಬಗೆಯ ಮೂಲಗಳು

ಪೀಣ್ಯದಲ್ಲಿ ಮೂಲಗಳು ಕಣ್ಣಿಗೆ ಕಾಣುತ್ತವೆ. ಎರಕದ ಘಟಕಗಳು, ಎಲೆಕ್ಟ್ರೋಪ್ಲೇಟಿಂಗ್, ಪೌಡರ್ ಕೋಟಿಂಗ್, ಬಾಯ್ಲರುಗಳು ಇಲ್ಲಿ ಒತ್ತೊತ್ತಾಗಿವೆ. ಕೇಂದ್ರ ಮಂಡಳಿಯು 2009ರಲ್ಲಿ ದೇಶದ ಕೈಗಾರಿಕಾ ಸಮೂಹಗಳಿಗೆ ಮಾಲಿನ್ಯ ಸೂಚ್ಯಂಕ ನೀಡಿದಾಗ ಪೀಣ್ಯಕ್ಕೆ 65.11 ಅಂಕ ಬಂದು, ಅದು ‘ತೀವ್ರ ಮಲಿನ’ ಪ್ರದೇಶಗಳ ಸಾಲಿಗೆ ಸೇರಿತು. ಗಾಳಿಯ ಜೊತೆಗೆ ನೀರು ಮತ್ತು ನೆಲದ ಸ್ಥಿತಿಯೂ ಆ ಅಂಕದಲ್ಲಿ ಸೇರಿದೆ.

ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿಯೂ, ವೈಟ್‌ಫೀಲ್ಡಿನಲ್ಲಿಯೂ ಸಾಫ್ಟ್‌ವೇರ್ ಕಚೇರಿಗಳಿಗೆ ಚಿಮಣಿಯಿಲ್ಲ. ಆದಕಾರಣ ಅವು ಹೊಗೆರಹಿತ ಉದ್ದಿಮೆಗಳೆಂಬ ಭಾವನೆ ಬೆಳೆದಿದೆ. ವಾಸ್ತವದಲ್ಲಿ ಅಲ್ಲಿನ ಹೊಗೆ ರಸ್ತೆಯ ಮೇಲೂ ಜನರೇಟರ್ ಕೊಠಡಿಯಲ್ಲೂ ಹುಟ್ಟುತ್ತದೆ. ಟೆರಿಯ ಅದೇ ವರದಿಯಲ್ಲಿ ನಗರದ ನೈಟ್ರೋಜನ್ ಆಕ್ಸೈಡುಗಳಲ್ಲಿ ಜನರೇಟರುಗಳ ಪಾಲು ಶೇ. 23 ಎಂದಿರುವುದು ಗಮನಾರ್ಹ.

ಆರೋಗ್ಯ ಮತ್ತು ಪರಿಸರ

ಪಿಎಂ 2.5 ಎಂಬ ಸೂಕ್ಷ್ಮ ಕಣವು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟು. ಮೂಗು ಗಂಟಲುಗಳು ತಡೆಯಲಾಗದ ಈ ಕಣ ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿಂದ ರಕ್ತಕ್ಕೂ ಸೇರಬಲ್ಲದು. ಉಬ್ಬಸ, ಹೃದ್ರೋಗ, ಪಾರ್ಶ್ವವಾಯು ಇವುಗಳ ಅಪಾಯ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನೂ, 2013ರಲ್ಲಿ ಹೊರಾಂಗಣ ವಾಯುಮಾಲಿನ್ಯವನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಭಾರತದ 2009ರ ಮಾನದಂಡದಂತೆ ಪಿಎಂ 2.5ರ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಗಂಧಕ ಮತ್ತು ನೈಟ್ರೋಜನ್ ಆಕ್ಸೈಡುಗಳು ಮಳೆನೀರನ್ನು ಆಮ್ಲೀಯಗೊಳಿಸುತ್ತವೆ. ಎಲೆಗಳ ಮೇಲೆ ಕೂರುವ ಧೂಳು ಗಿಡಮರಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ.

ಲೆಕ್ಕಕ್ಕೆ ಬಾರದ ವೆಚ್ಚ

ಈ ಹಾನಿಯ ಮೌಲ್ಯ ಯಾವ ಘಟಕದ ಲಾಭ-ನಷ್ಟ ಪತ್ರಿಕೆಯಲ್ಲಿಯೂ ಪ್ರತ್ಯೇಕವಾಗಿ ಕಾಣದು. ಕಾಣದೆಂದ ಮಾತ್ರಕ್ಕೆ ಪಾವತಿ ತಪ್ಪಿದ್ದಲ್ಲ. ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನ ಅನಾರೋಗ್ಯ, ರಜೆ, ಕುಗ್ಗಿದ ಉತ್ಪಾದನೆ, ಅನುಭವಸ್ಥರು ಕೆಲಸ ಬಿಟ್ಟಾಗ ಹೊಸಬರ ತರಬೇತಿ ಎಂಬ ರೂಪಗಳಲ್ಲಿ ಅದು ಘಟಕಕ್ಕೇ ಮರಳುತ್ತದೆ. ಉಳಿದ ಭಾಗವನ್ನು ಕಾರ್ಮಿಕನ ಕುಟುಂಬ ತನ್ನ ಜೇಬಿನಿಂದ ಭರಿಸುತ್ತದೆ.

ಹೊಗೆ ಶುದ್ಧೀಕರಣ ಸಾಧನಗಳ ಖರ್ಚು ಸಣ್ಣ ಘಟಕಗಳಿಗೆ ಭಾರವೆಂಬುದು ನಿಜ. ಆದಾಯ ತೆರಿಗೆ ನಿಯಮಗಳಡಿ ಧೂಳು ಸಂಗ್ರಾಹಕ, ಸ್ಕ್ರಬ್ಬರ್ ಮುಂತಾದ ಸಾಧನಗಳಿಗೆ ದೊರೆಯುತ್ತಿದ್ದ ಶೇ. 100ರ ಸವಕಳಿಯನ್ನು 2017ರ ಏಪ್ರಿಲ್ 1ರಿಂದ ಶೇ. 40ಕ್ಕೆ ಇಳಿಸಿದ್ದು ಈ ಭಾರವನ್ನು ಹೆಚ್ಚಿಸಿತು. ಇನ್ನೊಂದೆಡೆ, 1981ರ ವಾಯು ಕಾಯ್ದೆಗೆ 2023ರ ಜನ ವಿಶ್ವಾಸ್ ಕಾಯ್ದೆಯು ತಂದ ತಿದ್ದುಪಡಿಯಿಂದ ಹಲವು ಉಲ್ಲಂಘನೆಗಳಿಗೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದಾಗಿದೆ. ಸೆಬಿಯು 2022-23ರಿಂದ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯಗೊಳಿಸಿದ ವರದಿಯಲ್ಲಿ ವಾಯು ಹೊರಸೂಸುವಿಕೆಯ ವಿವರವೂ ಸೇರಿದೆ. ಇಂಥ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಪೀಣ್ಯದ ಘಟಕಗಳು ಈ ಬೆಳವಣಿಗೆಯನ್ನು ಅಲಕ್ಷಿಸುವಂತಿಲ್ಲ.

ಉದ್ದಿಮೆದಾರರು ಮಾಡಬಹುದಾದುದು

ಮೊದಲನೆಯದಾಗಿ, ಜನರೇಟರಿನ ಡೀಸೆಲ್, ಬಾಯ್ಲರ್ ಇಂಧನ, ಸಾಗಣೆ ಹಾಗೂ ನೌಕರರ ಸಾರಿಗೆಯ ಇಂಧನವನ್ನು ತಿಂಗಳುವಾರು ಒಂದೇ ತಖ್ತೆಯಲ್ಲಿ ಬರೆದಿಡತಕ್ಕದ್ದು. ಎರಡನೆಯದಾಗಿ, ಹಳೆಯ ಜನರೇಟರ್ ಬದಲಿಸುವಾಗ, 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಹೊರಸೂಸುವಿಕೆ ಮಾನದಂಡಕ್ಕೆ ಒಪ್ಪುವ ಯಂತ್ರವನ್ನೇ ಕೊಳ್ಳುವುದು ಲೇಸು. ಮೂರನೆಯದಾಗಿ, ಮೆಟ್ರೋ ರೈಲು ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ಸ್ ಸಿಟಿಗೆ 2025ರಲ್ಲಿ ತಲುಪಿರುವುದರಿಂದ, ನಿಲ್ದಾಣದಿಂದ ಕಾರ್ಖಾನೆಯ ಬಾಗಿಲಿಗೆ ನೆರೆಯ ಘಟಕಗಳು ಕೂಡಿ ವಾಹನ ಏರ್ಪಡಿಸಬಹುದು. ಕೊನೆಯದಾಗಿ, ಒಂಟಿಯಾಗಿ ಸ್ಕ್ರಬ್ಬರ್ ಕೊಳ್ಳಲಾಗದ ಘಟಕಗಳು ಒಂದೇ ತಯಾರಕರಿಂದ ಒಟ್ಟಾಗಿ ಖರೀದಿಸಿ ನಿರ್ವಹಣೆಯ ವೆಚ್ಚ ಹಂಚಿಕೊಳ್ಳಬಹುದು.

ಶೇ. 14ರ ಹಿಂದೆ ನಿಂತು ಉಳಿದುದನ್ನು ಅನ್ಯರ ಖಾತೆಗೆ ಬರೆಯುವುದು ಸುಲಭ. ಆದರೆ ಆ ಗಾಳಿಯನ್ನು ಉಸಿರಾಡುವವರಲ್ಲಿ ಉದ್ದಿಮೆದಾರರೂ ಅವರ ಕಾರ್ಮಿಕರೂ ಮೊದಲಿಗರು. ಬಾಕಿ ಯಾರ ಹೆಸರಿನಲ್ಲಿದ್ದರೂ ಅದನ್ನು ತೀರಿಸುತ್ತಿರುವವರು ಅವರೇ.