ಸೆಲ್ ಬದಲಿಸುವ ಹಕ್ಕು

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಶಿರಸಿ ಬಳಿಯ ಇಸಳೂರಿನಂಥ ಊರುಗಳಿಗೆ ವಿದ್ಯುತ್ ಮರಳಲು ದಿನಗಳೇ ಹಿಡಿಯಬಹುದು. ಅಂಥಲ್ಲಿ ಯಕ್ಷಗಾನದ ಕ್ಯಾಸೆಟ್ ಕೇಳಲು ಸೆಲ್ ಹಾಕುವ ಟೇಪ್‌ರೆಕಾರ್ಡರೇ ಆಸರೆಯಾಗಿತ್ತು. 1979ರಲ್ಲಿ ಬಂದ ಸೋನಿ ವಾಕ್‌ಮನ್‌ಗೂ ಎರಡು ಪೆನ್ ಸೆಲ್ ಸಾಕಿತ್ತು. ಮುಗಿದರೆ ಅಂಗಡಿಯಲ್ಲಿ ಹೊಸವು ಸಿಗುತ್ತಿದ್ದವು.

2001ರ ಐಪಾಡ್ ಬ್ಯಾಟರಿಯನ್ನು ಒಡಲೊಳಗೇ ಬಂಧಿಸಿತು. ಬ್ಯಾಟರಿ ಸೊರಗಿದರೆ ಸುಸ್ಥಿತಿಯಲ್ಲಿರುವ ಯಂತ್ರವೂ ಮೂಲೆ ಸೇರಬೇಕಾಯಿತು. ಇದಕ್ಕೆ ಅಪವಾದವೆಂದರೆ ನೋಕಿಯಾ ಮೊಬೈಲಿನ ಬಿಎಲ್-5ಸಿ ಬ್ಯಾಟರಿ ಬಳಸುವ ಅಗ್ಗದ ಮೆಮೊರಿ ಕಾರ್ಡ್ ಪ್ಲೇಯರ್‌ಗಳು.

ಬಳಕೆದಾರರೇ ಬ್ಯಾಟರಿ ಬದಲಿಸುವಂತಿರಬೇಕೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, ಅದಕ್ಕೆ 2027ರ ಫೆಬ್ರುವರಿಯನ್ನು ನಿಗದಿಪಡಿಸಿತು. ನಮ್ಮ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರಿಗೆ ವಹಿಸಿವೆ. ಮುಚ್ಚಳ ತೆರೆಯುವ ಹಕ್ಕೂ ಗ್ರಾಹಕನಿಗೆ ದೊರೆಯಬೇಕು.